ಹೃದಯದ ತೂಬಿಗೆ ಸಿಕ್ಕಿಕೊಳ್ಳುವ ಮಾತ್ರೆ



ಬೇಲೂರು ಸೀಮೆಯವರಿಗೆ ಕೆರೆ, ತೂಬುಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಹಳೇಬೀಡಿನ ದ್ವಾರಸಮುದ್ರ ಕೆರೆಯ ಹೆಸರಿನಲ್ಲೇ ಬಾಗಿಲೂ ಇದೆ, ನೀರೂ ಇದೆ. ಕೆರೆ ಎಷ್ಟೇ ತುಂಬಿದ್ದರೂ ತೂಬಿನೊಳಗೆ ಮರದ ತುಂಡೊಂದು ಸಿಕ್ಕಿಕೊಂಡರೆ ಗದ್ದೆಗೆ ನೀರು ಹರಿಯದು. ನಾವು ನುಂಗುವ ಕೆಲವು ಮಾತ್ರೆಗಳು ಹೃದಯದ ಜೀವಕೋಶಗಳಲ್ಲಿ ಇಂಥದೇ ಅಡಚಣೆ ಮಾಡುತ್ತವೆ.

ಪ್ರತಿ ಜೀವಕೋಶವನ್ನೂ ತೆಳುವಾದ ಪೊರೆಯೊಂದು ಸುತ್ತುವರಿದಿದೆ. ಕೋಶದ ಒಳಗೆ ಪೊಟ್ಯಾಸಿಯಂ ಹೊರಗಿಗಿಂತ ಸುಮಾರು 30 ಪಟ್ಟು ಹೆಚ್ಚು. ಅದು ಹೊರಬರಲು ಪೊರೆಯಲ್ಲಿ ಪ್ರೋಟೀನಿನ ಸೂಕ್ಷ್ಮ ನಾಲೆಗಳಿವೆ. ಪೊರೆಯ ವೋಲ್ಟೇಜ್ ಬದಲಾದಾಗ ನಾಲೆಯ ಬಾಗಿಲು ತೆರೆಯುತ್ತದೆ. ಹೃದಯ ಬಡಿಯುವಾಗ ಮೊದಲು ಸೋಡಿಯಂ, ಕ್ಯಾಲ್ಸಿಯಂ ಒಳನುಗ್ಗುತ್ತವೆ, ಸ್ನಾಯು ಸಂಕುಚಿಸುತ್ತದೆ. ಬಳಿಕ ಪೊಟ್ಯಾಸಿಯಂ ಹೊರಹರಿದು ಕೋಶವನ್ನು ಮತ್ತೆ ವಿಶ್ರಾಂತಿಗೆ ತರುತ್ತದೆ. ಇಷ್ಟಕ್ಕೆಲ್ಲ ಹಿಡಿಯುವ ಸಮಯವನ್ನು ಇ.ಸಿ.ಜಿ.ಯಲ್ಲಿ ಕ್ಯೂ-ಟಿ ಅವಧಿ ಎಂದು ಅಳೆಯುತ್ತಾರೆ.

ಔಷಧಿ ಇಲ್ಲಿ ಹೇಗೆ ಅಡ್ಡ ಬರುತ್ತದೆ? ಅದು ಪೊರೆಯನ್ನು ದಾಟಿ ಮೊದಲು ಕೋಶದೊಳಗೆ ಸೇರುತ್ತದೆ. ಬಾಗಿಲು ತೆರೆದ ಕೂಡಲೇ ಒಳಗಡೆಯಿಂದ ನಾಲೆಗೆ ನುಗ್ಗಿ ನಡುವಿನ ಪೊಳ್ಳಿನಲ್ಲಿ ಕೂರುತ್ತದೆ. ಬಾಗಿಲು ತೆರೆದರೆ ಮಾತ್ರ ಇಂಥ ತಡೆ ಸಾಧ್ಯವೆಂಬುದನ್ನು ಕ್ಲೇ ಆರ್ಮ್‌ಸ್ಟ್ರಾಂಗ್ ಎಂಬ ಅಮೆರಿಕದ ವಿಜ್ಞಾನಿ ಸ್ಕ್ವಿಡ್ ಎಂಬ ಕಡಲಜೀವಿಯ ನರದಲ್ಲಿ ಪ್ರಯೋಗ ಮಾಡಿ ತೋರಿಸಿದರು. ಇಂಥ ನಾಲೆಯ ರಚನೆಯನ್ನು 1998ರಲ್ಲಿ ಬಿಡಿಸಿ ತೋರಿಸಿದ ರಾಡರಿಕ್ ಮ್ಯಾಕಿನನ್ ಅವರಿಗೆ 2003ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಹೃದಯದಲ್ಲಿ ‘ಹರ್ಗ್’ ಎಂಬ ಪೊಟ್ಯಾಸಿಯಂ ನಾಲೆಯೊಂದಿದೆ. ಅದರ ಒಳಗೋಡೆಯಲ್ಲಿ ಔಷಧಿಗಳು ಅಂಟಿಕೊಳ್ಳಲು ಅನುಕೂಲವಾದ ತಾಣಗಳಿವೆ. ಆದ್ದರಿಂದಲೇ ಒಂದಕ್ಕೊಂದು ಸಂಬಂಧವಿಲ್ಲದ ಔಷಧಿಗಳೂ ಅಲ್ಲಿ ಸಿಕ್ಕಿಕೊಳ್ಳುತ್ತವೆ. ಪೊಟ್ಯಾಸಿಯಂ ಹೊರಬರುವುದು ತಡವಾದಷ್ಟೂ ಕ್ಯೂ-ಟಿ ಅವಧಿ ಉದ್ದವಾಗುತ್ತದೆ. ಅದು 500 ಮಿಲಿಸೆಕೆಂಡ್ ಮೀರಿದರೆ ಅಪಾಯ ಹೆಚ್ಚು: ಹೃದಯ ಲಯ ತಪ್ಪಬಹುದು, ರೋಗಿ ಎಚ್ಚರ ತಪ್ಪಿ ಬೀಳಬಹುದು, ಪ್ರಾಣವೂ ಹೋಗಬಹುದು.

ಟರ್ಫೆನಡಿನ್ ಎಂಬ ಅಲರ್ಜಿ ಮಾತ್ರೆಯ ಕಥೆ ಕೇಳಿ. ಸಾಮಾನ್ಯವಾಗಿ ಯಕೃತ್ತು ಅದನ್ನು ಬೇಗನೆ ಮಾರ್ಪಡಿಸಿಬಿಡುತ್ತಿತ್ತು. ಆದರೆ ಜೊತೆಗೆ ಎರಿತ್ರೊಮೈಸಿನ್ ಅಥವಾ ಕೀಟೊಕೊನಜೋಲ್ ತೆಗೆದುಕೊಂಡವರಲ್ಲಿ ಆ ಕೆಲಸ ನಿಂತು, ಮಾತ್ರೆ ರಕ್ತದಲ್ಲಿ ಏರಿ ಹರ್ಗ್ ನಾಲೆಯನ್ನು ತಡೆಯಿತು. 1998ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದನ್ನು ತೆಗೆದುಹಾಕಲಾಯಿತು. ಹೊಟ್ಟೆಯ ತೊಂದರೆಗೆ ಕೊಡುತ್ತಿದ್ದ ಸಿಸಾಪ್ರೈಡನ್ನು ಭಾರತ 2011ರಲ್ಲಿ ನಿಷೇಧಿಸಿತು. ಮಲೇರಿಯಾಕ್ಕೆ ಕೊಡುವ ಕ್ಲೋರೊಕ್ವಿನ್‌ಗೂ ಈ ಗುಣ ಇದೆ. ಇದೇ ಗುಣವನ್ನು ವೈದ್ಯರು ಒಳಿತಿಗೂ ಬಳಸುತ್ತಾರೆ: ಲಯ ತಪ್ಪಿದ ಹೃದಯಕ್ಕೆ ಕೊಡುವ ಸೋಟಲಾಲ್ ಕೆಲಸ ಮಾಡುವುದು ಪೊಟ್ಯಾಸಿಯಂ ನಾಲೆಯನ್ನು ತಡೆದೇ.

2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಮನೆಮನೆಯಲ್ಲೂ ಆತಂಕ ತಂದಿತು. ಸರ್ಕಾರ ತಜ್ಞರ ಸಮಿತಿಯಿಂದ ಅಧ್ಯಯನವನ್ನೂ ಮಾಡಿಸಿತು. ಆ ಸಾವುಗಳಿಗೆ ಮಾತ್ರೆಯೇ ಕಾರಣವೆಂದು ಇಲ್ಲಿ ಹೇಳುತ್ತಿಲ್ಲ. ರಕ್ತನಾಳ ಕಟ್ಟಿಕೊಂಡು ಆಗುವ ಹೃದಯಾಘಾತ ಬೇರೆ, ವಿದ್ಯುತ್ ಲಯ ತಪ್ಪುವುದು ಬೇರೆ. ಎರಡನೆಯದನ್ನು ಹಲವು ಬಾರಿ ಮುಂಚಿತವಾಗಿಯೇ ತಡೆಯಬಹುದು.

ಅದಕ್ಕಾಗಿ ನೀವು ಮಾಡಬೇಕಾದದ್ದು ಸ್ವಲ್ಪವೇ. ಬೇಲೂರಿನ ಆಸ್ಪತ್ರೆಗೆ ಹೋಗಲಿ, ಹಾಸನಕ್ಕೆ ಹೋಗಲಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಔಷಧಿ ಅಂಗಡಿಯಲ್ಲಿ ನೀವಾಗಿಯೇ ಕೊಂಡದ್ದನ್ನೂ ಮುಚ್ಚಿಡಬೇಡಿ. ಮನೆಯಲ್ಲಿ ಎಳೆಯ ವಯಸ್ಸಿನವರು ಹಠಾತ್ತಾಗಿ ತೀರಿಕೊಂಡಿದ್ದರೆ, ನಿಮಗೆ ಎಚ್ಚರ ತಪ್ಪಿದ್ದುಂಟಾದರೆ ತಿಳಿಸಿ. ವಾಂತಿಭೇದಿಯಾಗಿ ರಕ್ತದ ಪೊಟ್ಯಾಸಿಯಂ ಇಳಿದಾಗ ಈ ಅಪಾಯ ಹೆಚ್ಚುತ್ತದೆ, ಅದನ್ನೂ ಹೇಳಿ. ಇ.ಸಿ.ಜಿ. ಬೇಕೇ ಎಂದು ಕೇಳಲು ಸಂಕೋಚಪಡಬೇಡಿ. ಇದನ್ನು ಓದಿ ಹೆದರಿ, ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ನೀವಾಗಿಯೇ ಮಾತ್ರ ನಿಲ್ಲಿಸಬೇಡಿ.