ಊಟ ಆದ ಕೂಡಲೇ ಕೆ.ಟಿ. ಯಾಕೆ ಬೇಡ? ಕುಚ್ಚಲಕ್ಕಿ ತಿಂದ್ರೆ ಶುಗರ್ ಬರಲ್ವಾ?

ನಾನು ಪಾಣೆಮಂಗಳೂರಿನವಳು. ನೇತ್ರಾವತಿ ದಾಟುವ ಆ ಹಳೇ ಸೇತುವೆ ಉಂಟಲ್ಲ, ಅದರ ಈ ಬದಿ ನಮ್ಮ ಮನೆ. ಕೆಲಸ ಡಯಟೀಷಿಯನ್. ಅಂದ್ರೆ ದಿನಾ ಬೆಳಗ್ಗೆಯಿಂದ ಸಂಜೆವರೆಗೆ ಜನರ ಹತ್ರ "ನೀವು ಎಂಥ ತಿಂತೀರಿ?" ಅಂತ ಕೇಳೋದು.

ಈ ಪ್ರಶ್ನೆಗೆ ಬರುವ ಉತ್ತರ ಹೆಚ್ಚು ಕಡಿಮೆ ಒಂದೇ: "ಏನಿಲ್ಲ ಮೇಡಂ, ಮಾಮೂಲಿ ಊಟ." ಇವತ್ತು ಮಾತಾಡೋದು ಆ ಮಾಮೂಲಿ ಊಟದ ಬಗ್ಗೆಯೇ. ಕಿವಿ ಹಣ್ಣು, ಚಿಯಾ ಬೀಜ, ಓಟ್ಸ್ ಇವತ್ತು ಇಲ್ಲ. ಚಹಾ, ಗಂಜಿ, ಶರಬತ್ತು ಮಾತ್ರ. ದಿನಾ ಬಾಯಿಗೆ ಹೋಗುವುದು ಯಾವುದೋ ಅದೇ ಮೈಗೆ ಹತ್ತುವುದು. ವರ್ಷಕ್ಕೊಂದು ಸಲ ಮದುವೆಯಲ್ಲಿ ತಿಂದ ಹೋಳಿಗೆಯಿಂದ ಯಾರಿಗೂ ಕಾಯಿಲೆ ಬರುವುದಿಲ್ಲ.

ಚಹಾದಿಂದ ಶುರು ಮಾಡೋಣ. ಮೇಲ್ಕಾರ್ ದಾಟಿ ಹೈವೇಯಲ್ಲಿ ಸ್ವಲ್ಪ ಮುಂದೆ ಹೋದ್ರೆ ಕಲ್ಲಡ್ಕ. ಕಲ್ಲಡ್ಕ ಅಂದ ಕೂಡಲೇ ಕೆ.ಟಿ. ಲೋಟದಲ್ಲಿ ಕೆಳಗೆ ಬೆಳ್ಳಗೆ ಹಾಲು, ಮೇಲೆ ಕೆಂಪು ಡಿಕಾಕ್ಷನ್, ಎರಡೂ ಬೇರೆ ಬೇರೆ. ಇನ್‌ಸ್ಟಾದಲ್ಲಿ ರೀಲ್ಸ್ ನೋಡಿರಬಹುದು. ಇದರ ಹಿಂದೆ ಇರುವುದು ಮ್ಯಾಜಿಕ್ ಅಲ್ಲ, ತೂಕದ ಲೆಕ್ಕ. ಸಕ್ಕರೆ ಕರಗಿದ ಹಾಲು ಡಿಕಾಕ್ಷನ್‌ಗಿಂತ ಭಾರ. ನಿಧಾನಕ್ಕೆ ಮೇಲಿಂದ ಬಿಟ್ಟರೆ ಡಿಕಾಕ್ಷನ್ ತೇಲುತ್ತದೆ. ನಮ್ಮೂರಿನ ಹೆಮ್ಮೆ ಅದು, ನಾನೂ ಕುಡಿಯುತ್ತೇನೆ, ಯಾರಿಗೂ ಬಿಡಿ ಅಂತ ಹೇಳುವುದಿಲ್ಲ. ನನ್ನ ತಕರಾರು ಇರುವುದು ಕುಡಿಯುವ ಹೊತ್ತಿನ ಬಗ್ಗೆ.

ಚಹಾ ಎಲೆಯಲ್ಲಿ ಟ್ಯಾನಿನ್ ಥರದ ಪಾಲಿಫೀನಾಲ್‌ಗಳು ಉಂಟು. ಬಾಯಿ ಒಗರು ಒಗರಾಗುತ್ತದಲ್ಲ, ಅದು ಇದರಿಂದಲೇ. ಊಟದ ಜೊತೆಗೋ ಊಟ ಆದ ಕೂಡಲೇ ಆಗಲೋ ಚಹಾ ಕುಡಿದರೆ, ಸೊಪ್ಪು, ಕಾಳು, ಧಾನ್ಯದಲ್ಲಿರುವ ಕಬ್ಬಿಣದ ಅಂಶವನ್ನು ಈ ಟ್ಯಾನಿನ್ ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದದ್ದನ್ನು ಕರುಳು ಹೀರಿಕೊಳ್ಳಲಾರದು, ಹೊರಗೆ ಹೋಗುತ್ತದೆ. ಆ ಊಟದಿಂದ ಸಿಗಬೇಕಾದ ಕಬ್ಬಿಣದಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಹೋಗಬಹುದು. ಹಾಲು ಹಾಕಿದ್ರೆ ಸರಿಯಾಗುತ್ತದಾ ಅಂತ ಕೇಳ್ತಾರೆ. ಇಲ್ಲ, ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ಮೀನು, ಮಾಂಸದಲ್ಲಿರುವ ಕಬ್ಬಿಣದ ಕಥೆ ಸ್ವಲ್ಪ ಬೇರೆ, ಅದಕ್ಕೆ ಚಹಾ ಅಷ್ಟು ಅಡ್ಡ ಬರುವುದಿಲ್ಲ. ತೊಂದರೆ ಜಾಸ್ತಿ ಇರುವುದು ಸಸ್ಯಾಹಾರಿಗಳಿಗೆ, ಮತ್ತೆ ಮೀನು ಕೊಳ್ಳಲು ಆಗದ ಮನೆಗಳಿಗೆ.

ಈಗ ನಮ್ಮ ಬೆಳಗ್ಗಿನ ತಿಂಡಿ ನೋಡಿ. ಕಡ್ಲೆ-ಬಜಿಲ್. ಕಡ್ಲೆಯಲ್ಲಿ ಪ್ರೋಟೀನ್ ಉಂಟು, ಕಬ್ಬಿಣ ಉಂಟು. ಒಳ್ಳೆಯ ತಿಂಡಿ ಮಾರಾಯ್ರೆ! ಆದ್ರೆ ಒಂದು ತುತ್ತು ಕಡ್ಲೆ, ಒಂದು ಗುಟುಕು ಚಹಾ ಅಂತ ತಿಂದ್ರೆ ಕೊಟ್ಟದ್ದನ್ನು ಅಲ್ಲೇ ವಾಪಸ್ ತೆಗೆದ ಹಾಗೆ. ಅದೇ ಕಡ್ಲೆಗೆ ಅರ್ಧ ಲಿಂಬೆ ಹಿಂಡಿ, ಚಹಾವನ್ನು ಒಂದು ಗಂಟೆ ಮುಂದೆ ಹಾಕಿ. ಲಿಂಬೆಯ ವಿಟಮಿನ್ ಸಿ ಕಬ್ಬಿಣ ಹೀರುವುದಕ್ಕೆ ಸಹಾಯ ಮಾಡುತ್ತದೆ. ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಮಾರ್ಗಸೂಚಿಯಲ್ಲೂ ಇದನ್ನೇ ಹೇಳಿದ್ದಾರೆ: ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ನಂತರ ಚಹಾ-ಕಾಫಿ ಬೇಡ.

ಇಷ್ಟು ಸಣ್ಣ ವಿಷಯಕ್ಕೆ ಯಾಕಿಷ್ಟು ಮಂಡೆಬಿಸಿ ಅಂತೀರಾ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು, 2019-21ರದ್ದು. ಅದರ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಶೇ. 47.8. ಅದಕ್ಕೆ ಹಿಂದಿನ ಸುತ್ತಿನಲ್ಲಿ ನಮ್ಮ ರಾಜ್ಯದ್ದು ಶೇ. 44.8 ಇತ್ತು. ಅಂದ್ರೆ ಕಡಿಮೆ ಆಗಲಿಲ್ಲ, ಜಾಸ್ತಿ ಆಯಿತು. ಈ ಎಪಿಸೋಡ್ ಕೇಳ್ತಾ ಇರುವ ಇಬ್ಬರು ಹುಡುಗಿಯರಲ್ಲಿ ಹತ್ತಿರ ಹತ್ತಿರ ಒಬ್ಬಳಿಗೆ.

ನನ್ನ ಚಿಕ್ಕಮ್ಮನ ಮಗಳ ವಿಷಯ ಹೇಳ್ತೇನೆ, ಅವಳನ್ನು ಕೇಳಿಯೇ ಹೇಳ್ತಾ ಇದ್ದೇನೆ. ಡಿಗ್ರಿ ಎರಡನೇ ವರ್ಷ. ಮೆಟ್ಟಿಲು ಹತ್ತಿದ್ರೆ ಏದುಸಿರು, ಕ್ಲಾಸಲ್ಲಿ ನಿದ್ದೆ, ತಲೆಕೂದಲು ಉದುರುವುದು. ಮನೆಯಲ್ಲಿ ಎಲ್ಲರೂ ಹೇಳಿದ್ದು ಒಂದೇ: "ರಾತ್ರಿ ಇಡೀ ಮೊಬೈಲ್ ನೋಡಿದ್ರೆ ಮತ್ತೆಂಥ ಆಗ್ತದೆ?" ರಕ್ತ ಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ 9.2. ಹೆಂಗಸರಿಗೆ ಅದು 12ಕ್ಕಿಂತ ಕೆಳಗೆ ಬಂದರೆ ರಕ್ತಹೀನತೆ ಅಂತ ಲೆಕ್ಕ. ಡಾಕ್ಟ್ರು ಕಬ್ಬಿಣದ ಮಾತ್ರೆ ಕೊಟ್ಟರು. ಎರಡು ತಿಂಗಳು ತಪ್ಪದೆ ತಗೊಂಡಳು, ಏರಿದ್ದು ತುಂಬಾ ಕಡಿಮೆ. ನಾನು ಕೇಳಿದೆ, "ಮಾತ್ರೆ ಯಾವಾಗ ನುಂಗ್ತಿ?" ಅವಳು ಹೇಳಿದಳು, "ಬೆಳಗ್ಗೆ ಚಹಾದ ಜೊತೆ ಅಕ್ಕ, ಮರೆತು ಹೋಗಬಾರದಲ್ಲ ಅಂತ."

ಮಾತ್ರೆಯ ಹೊತ್ತು ಬದಲಾಯಿಸಿದೆವು, ಚಹಾದಿಂದ ದೂರ, ಒಂದು ಲೋಟ ಲಿಂಬೆ ನೀರಿನ ಜೊತೆ. ಡಾಕ್ಟ್ರು ಹೇಳಿದ ಹಾಗೆ ಹುಳದ ಮಾತ್ರೆಯೂ ಆಯಿತು. ಮೂರು ತಿಂಗಳಲ್ಲಿ 11 ದಾಟಿತು. ಇಲ್ಲಿ ಒಂದು ಮಾತು ಸ್ಪಷ್ಟ ಹೇಳಬೇಕು. ರಕ್ತ ಕಡಿಮೆ ಆಗುವುದಕ್ಕೆ ಚಹಾ ಒಂದೇ ಕಾರಣ ಅಲ್ಲ. ಮುಟ್ಟಿನಲ್ಲಿ ಹೆಚ್ಚು ರಕ್ತಸ್ರಾವ, ಕೊಕ್ಕೆಹುಳ, ಊಟವೇ ಕಡಿಮೆ ಇರುವುದು, ಬಿ12 ಕೊರತೆ, ಹೀಗೆ ಬೇರೆ ಬೇರೆ ಉಂಟು. ಹಾಗಾಗಿ ಇದನ್ನು ಕೇಳಿ ಮೆಡಿಕಲ್‌ಗೆ ಹೋಗಿ ಮಾತ್ರೆ ತಗೊಳ್ಳಬೇಡಿ. ಮೊದಲು ರಕ್ತ ಪರೀಕ್ಷೆ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡ್ತಾರಲ್ಲ, ತಮ್ಮ-ತಂಗಿಯಂದಿರು ಇದ್ದರೆ ಅದನ್ನು ಬಿಸಾಡದೆ ನುಂಗಲು ಹೇಳಿ. ಅದರಲ್ಲಿ ಇರುವುದು ಕಬ್ಬಿಣ ಮತ್ತು ಫೋಲಿಕ್ ಆಮ್ಲ.

ಇನ್ನು ಸಕ್ಕರೆ. ಒಂದು ಚಮಚ ಸಕ್ಕರೆ 4ರಿಂದ 5 ಗ್ರಾಂ. ಲೋಟಕ್ಕೆ ಎರಡು ಚಮಚ, ದಿನಕ್ಕೆ ಮೂರು ಚಹಾ ಅಂದ್ರೆ 24-30 ಗ್ರಾಂ ಆಯಿತು. ಅದೇ 2024ರ ಮಾರ್ಗಸೂಚಿ ಸೇರಿಸಿದ ಸಕ್ಕರೆಗೆ ಹಾಕಿದ ಗೆರೆ ದಿನಕ್ಕೆ 20-25 ಗ್ರಾಂ. ಬಿಸ್ಕೆಟ್ ಮುಟ್ಟಲಿಲ್ಲ, ಬನ್ಸ್ ತಿನ್ನಲಿಲ್ಲ, ಗಡ್‌ಬಡ್ ನೆನಪೂ ಮಾಡಲಿಲ್ಲ, ಕೋಟಾ ಮುಗಿಯಿತು! ಕೋಲಾ ಥರದ ಪಾನೀಯದಲ್ಲಿ 100 ಮಿ.ಲೀ.ಗೆ ಸುಮಾರು 10-11 ಗ್ರಾಂ ಸಕ್ಕರೆ. 250 ಮಿ.ಲೀ. ಬಾಟಲಿ ಒಂದರಲ್ಲೇ ದಿನದ ಲೆಕ್ಕ ಚುಕ್ತಾ. ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಫೋನಿನ ಕ್ಯಾಮೆರಾದಲ್ಲಿ ಝೂಮ್ ಮಾಡಿ ಓದಿ.

ಹಾಗಾದ್ರೆ ಪುನರ್ಪುಳಿ ಶರಬತ್ತು? ಹಣ್ಣು ಒಳ್ಳೆಯದೇ, ಬೇಸಗೆಯಲ್ಲಿ ಅದರಂಥದ್ದು ಇನ್ನೊಂದಿಲ್ಲ. ಆದ್ರೆ ಅಂಗಡಿಯ ಸಿರಪ್ ಅಂದ್ರೆ ಹೆಚ್ಚಿನ ಪಾಲು ಸಕ್ಕರೆ ಪಾಕ. ಬದಲಿಗೆ ಒಣಗಿಸಿದ ಸಿಪ್ಪೆಯ ಸಾರು ಮಾಡಿ, ಚೂರು ಬೆಲ್ಲ ಸಾಕು. ಇನ್ನೊಂದು ವಿಷಯ, ಆನ್‌ಲೈನಲ್ಲಿ "ಗಾರ್ಸೀನಿಯಾ" ಅಂತ ತೂಕ ಇಳಿಸುವ ಕ್ಯಾಪ್ಸೂಲ್ ಬರುತ್ತದೆ. ಪುನರ್ಪುಳಿಯ ಕುಟುಂಬದ್ದೇ ಅಂತ ಧೈರ್ಯವಾಗಿ ನುಂಗಬೇಡಿ. ಅಂಥ ಕ್ಯಾಪ್ಸೂಲ್‌ಗಳಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿ ಉಂಟು. ಅಜ್ಜಿಯ ಸಾರು ಬೇರೆ, ಕಾರ್ಖಾನೆಯಲ್ಲಿ ಸಾರ ತೆಗೆದು ತುಂಬಿಸಿದ ಮಾತ್ರೆ ಬೇರೆ.

ಈಗ ಗಂಜಿಗೆ ಬರುವ. ಕುಚ್ಚಲಕ್ಕಿ ಮಾಡುವಾಗ ಭತ್ತವನ್ನು ಸಿಪ್ಪೆ ಸಮೇತ ನೆನೆಸಿ, ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕ್ತಾರೆ. ಬೇಯುವಾಗ ತವುಡಿನಲ್ಲಿರುವ ಥಯಾಮಿನ್, ಅಂದ್ರೆ ವಿಟಮಿನ್ ಬಿ1, ಕರಗಿ ಕಾಳಿನ ಒಳಗೆ ಇಳಿಯುತ್ತದೆ. ಆಮೇಲೆ ತವುಡು ಹೋದರೂ ವಿಟಮಿನ್‌ನ ದೊಡ್ಡ ಪಾಲು ಕಾಳಿನಲ್ಲೇ ಉಳಿಯುತ್ತದೆ. ಬೆಳ್ತಿಗೆಯಲ್ಲಿ ತವುಡಿನ ಜೊತೆಗೇ ಹೋಗಿಬಿಡುತ್ತದೆ.

ಇದು ಎಷ್ಟು ದೊಡ್ಡ ವಿಷಯ ಗೊತ್ತಾ? 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಅನ್ನುವ ಡಚ್ ವೈದ್ಯ, ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋತು ಬೀಳುವುದನ್ನು, ತವುಡಿರುವ ಅಕ್ಕಿ ಕೊಟ್ಟರೆ ಏಳುವುದನ್ನು ನೋಡಿದ. ಮನುಷ್ಯರಲ್ಲಿ ಅದೇ ಬೆರಿಬೆರಿ ಕಾಯಿಲೆ. 1929ರಲ್ಲಿ ಆತನಿಗೆ ನೊಬೆಲ್ ಬಂತು. ಮಲಯಾದಲ್ಲಿ ಬೆಳ್ತಿಗೆ ತಿನ್ನುತ್ತಿದ್ದ ಚೀನೀ ಕೂಲಿಗಳಿಗೆ ಬೆರಿಬೆರಿ ಬರುತ್ತಿತ್ತು, ಬೇಯಿಸಿದ ಭತ್ತದ ಅಕ್ಕಿ ತಿನ್ನುತ್ತಿದ್ದ ತಮಿಳು ಕೂಲಿಗಳು ಹೆಚ್ಚಾಗಿ ಪಾರಾಗುತ್ತಿದ್ದರು. ನಮ್ಮ ದೇಶದಲ್ಲಿ ಇದೇ ಬೆರಿಬೆರಿಯ ಸಂಶೋಧನೆಗೆ 1918ರಲ್ಲಿ ಊಟಿ ಹತ್ತಿರದ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಶುರು ಮಾಡಿದ ಒಂದು ಕೋಣೆಯ ಲ್ಯಾಬ್, 1958ರಲ್ಲಿ ಹೈದರಾಬಾದಿಗೆ ಹೋಗಿ, ಈಗಿನ ರಾಷ್ಟ್ರೀಯ ಪೋಷಣೆ ಸಂಸ್ಥೆ ಆಗಿದೆ. ಅನ್ನ ಬಸಿದು ತಿಳಿ ಚೆಲ್ಲಿದರೆ ಉಳಿದ ಬಿ ವಿಟಮಿನ್‌ನಲ್ಲೂ ಒಂದು ಪಾಲು ಹೋಗುತ್ತದೆ. ಗಂಜಿಯಲ್ಲಿ ನೀರೂ ಹೊಟ್ಟೆಗೇ ಹೋಗುವುದರಿಂದ ಆ ನಷ್ಟ ಇಲ್ಲ.

ಇಷ್ಟು ಹೇಳಿದ ಕೂಡಲೇ ನಮ್ಮ ಮಾವ ಖುಷಿಯಲ್ಲಿ, "ನೋಡು, ನಾನು ಮೊದಲೇ ಹೇಳಿದೆ, ಕುಚ್ಚಲಕ್ಕಿ ತಿಂದ್ರೆ ಶುಗರ್ ಬರುವುದಿಲ್ಲ" ಅಂತಾರೆ. ಇಲ್ಲ ಮಾವ. ಬೆಳ್ತಿಗೆ ಆಗಲಿ, ಕುಚ್ಚಲಕ್ಕಿ ಆಗಲಿ, 100 ಗ್ರಾಂ ಅಕ್ಕಿಯಲ್ಲಿ ಪಿಷ್ಟ 75ರಿಂದ 78 ಗ್ರಾಂ. ಕುಚ್ಚಲಕ್ಕಿಯ ಸಕ್ಕರೆ ರಕ್ತಕ್ಕೆ ಸ್ವಲ್ಪ ನಿಧಾನ ಏರಬಹುದು, ತಳಿ ನೋಡಿಕೊಂಡು ಅದೂ ಬದಲಾಗುತ್ತದೆ. ಮೂರು ಸೌಟು ಬಡಿಸಿಕೊಂಡರೆ ಆ ಲಾಭ ಅಲ್ಲಿಗೇ ಮುಗಿಯಿತು.

ಐಸಿಎಂಆರ್‌ನ ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಲೆಕ್ಕದಲ್ಲಿ ದೇಶದಲ್ಲಿ 10.1 ಕೋಟಿ ಜನಕ್ಕೆ ಮಧುಮೇಹ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ಅದೇ ಅಧ್ಯಯನದ 2025ರ ವರದಿ ನಮಗೆ ಬೇಕಾದ ಇನ್ನೊಂದು ಮಾತು ಹೇಳುತ್ತದೆ. ನಾವು ತಿನ್ನುವ ಕ್ಯಾಲೊರಿಯಲ್ಲಿ ಸರಾಸರಿ ಶೇ. 62 ಪಿಷ್ಟ-ಸಕ್ಕರೆಯಿಂದಲೇ ಬರುತ್ತದೆ, ಪ್ರೋಟೀನ್‌ನದ್ದು ಶೇ. 12 ಮಾತ್ರ. ಪಾಲಿಶ್ ಅಕ್ಕಿ ಬಿಟ್ಟು ಗೋಧಿ ಅಥವಾ ಸಿರಿಧಾನ್ಯಕ್ಕೆ ಬದಲಾದ ಮಾತ್ರಕ್ಕೆ ಅಪಾಯ ಇಳಿಯುವುದಿಲ್ಲ. ಒಟ್ಟು ಪಿಷ್ಟ ಕಡಿಮೆ ಆಗಿ, ಆ ಜಾಗಕ್ಕೆ ಕಾಳು, ಬೇಳೆ, ಮೊಸರಿನಂಥದ್ದು ಬರಬೇಕು.

ನಮ್ಮ ಬಟ್ಟಲಿಗೆ ಇದನ್ನು ಇಳಿಸುವುದು ಕಷ್ಟವೇನಿಲ್ಲ. ಗಂಜಿ ಒಂದು ಸೌಟು ಕಡಿಮೆ, ಹೆಸರುಕಾಳಿನ ಗಸಿ ಒಂದು ಸೌಟು ಜಾಸ್ತಿ. ಮೀನು ತಿನ್ನುವವರಾದರೆ ಬೂತಾಯಿ ಪುಳಿಮುಂಚಿ. ಬೂತಾಯಿಯಲ್ಲಿ ಪ್ರೋಟೀನ್, ಒಮೆಗಾ-3 ಎರಡೂ ಉಂಟು. ಬಸಳೆ, ಹರಿವೆ ಮನೆ ಹಿಂದೆಯೇ ಬೆಳೆಯುತ್ತದೆ. ಗಂಜಿಗೆ ಉಪ್ಪಿನಕಾಯಿ, ಒಣಮೀನು ಎರಡನ್ನೂ ಒಟ್ಟಿಗೆ ಬೇಡ. ಇಡೀ ದಿನಕ್ಕೆ ಉಪ್ಪು 5 ಗ್ರಾಂ, ಒಂದು ಸಣ್ಣ ಚಮಚದಷ್ಟು, ಅದರೊಳಗೆ ಎಲ್ಲಾ ಮುಗಿಯಬೇಕು.

ಕೊನೆಗೆ ಸಣ್ಣ ಮಕ್ಕಳಿರುವ ಮನೆಯವರಿಗೆ ಒಂದು ವಿಷಯ. ವಾಂತಿ-ಭೇದಿ ಆದಾಗ ಉಪ್ಪು ಹಾಕಿದ ಗಂಜಿ ತಿಳಿ ಕೊಡುವುದು ಹಳೇ ಕ್ರಮ, ಒಳ್ಳೆಯ ಕ್ರಮ. ಅದರ ಜೊತೆ ಆರೋಗ್ಯ ಕೇಂದ್ರದಲ್ಲಿ ಸಿಗುವ ಓಆರ್‌ಎಸ್ ಪ್ಯಾಕೆಟ್ ಇರಲೇಬೇಕು. ಅದರಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಲವಣಗಳು ಅಳತೆಗೆ ಸರಿಯಾಗಿ. ಕೋಲಾ, ಪ್ಯಾಕೆಟ್ ಜ್ಯೂಸ್ ಕೊಟ್ಟರೆ ಅದರ ಅತಿ ಸಕ್ಕರೆ ಕರುಳಿಗೆ ನೀರನ್ನು ಎಳೆದು ಭೇದಿ ಹೆಚ್ಚಿಸುತ್ತದೆ. ಓಆರ್‌ಎಸ್ ಅಂತ ಹೆಸರು ಹಾಕಿಕೊಂಡು ಸಿಹಿ ಪಾನೀಯಗಳು ಮಾರಾಟ ಆಗುತ್ತಿದ್ದವು. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸಬಾರದು ಅಂತ ಆದೇಶ ಮಾಡಿತು. ಪ್ಯಾಕೆಟ್ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇದೆಯಾ ನೋಡಿಯೇ ತಗೊಳ್ಳಿ. ಮಗು ಸೊರಗಿದರೆ, ಮೂತ್ರ ನಿಂತರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಈ ವಾರ ಒಂದೇ ಒಂದು ಕೆಲಸ ಮಾಡಿ ನೋಡಿ. ನಿಮ್ಮ ಮನೆಯಲ್ಲಿ ಯಾರಾದ್ರೂ ಕಬ್ಬಿಣದ ಮಾತ್ರೆ ತಗೊಳ್ತಾ ಇದ್ದರೆ, ಅಮ್ಮನೋ ಅಕ್ಕನೋ ಗರ್ಭಿಣಿ ಅತ್ತಿಗೆಯೋ, ಅದನ್ನು ಯಾವುದರ ಜೊತೆ ನುಂಗ್ತಾರೆ ಅಂತ ಕೇಳಿ. ಚಹಾ ಅಂದ್ರೆ ಈ ಎಪಿಸೋಡ್ ಅವರಿಗೆ ಕಳಿಸಿ. ನಿಮ್ಮೂರಿನ ದಿನನಿತ್ಯದ ತಿಂಡಿಯ ಬಗ್ಗೆ ಪ್ರಶ್ನೆ ಇದ್ದರೆ ವಾಯ್ಸ್ ನೋಟ್ ಮಾಡಿ, ಮುಂದಿನ ಸಲ ಉತ್ತರ ಹೇಳ್ತೇನೆ. ಬರ್ತೇನೆ, ನಮಸ್ಕಾರ.