ನಿಧಿಯ ಚಿತ್ರಗಳೂ ನಮ್ಮ ಕಲ್ಲುಗಳೂ

ಪಾಳು ಗುಡಿಯ ನೆಲಮಾಳಿಗೆಯಲ್ಲಿ ಹೊನ್ನಿನ ಕೊಪ್ಪರಿಗೆ. ಅದನ್ನು ಕಾಯುವ ಸರ್ಪ. ಅರ್ಧ ಹರಿದ ಓಲೆಯ ಮೇಲೆ ಗೂಢವಾದ ಬರಹ. ಅದನ್ನು ಓದಬಲ್ಲ ಒಬ್ಬ ಸಾಹಸಿ, ಅವನ ಬೆನ್ನು ಹತ್ತಿದ ದುಷ್ಟರು. ಇಷ್ಟು ಸಾಮಗ್ರಿ ಒದಗಿದರೆ ಒಂದು ಚಲಚ್ಚಿತ್ರಕ್ಕೆ ಧಾರಾಳವಾಯಿತು. ೧೯೮೧ರಲ್ಲಿ ಅಮೆರಿಕದ ನಿರ್ದೇಶಕ ಸ್ಪೀಲ್‌ಬರ್ಗ್ ಅವರು ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ ಎಂಬ ಚಿತ್ರ ತೆಗೆದರು. ಅಂದಿನಿಂದ ಅದರ ನಾಯಕ ಇಂಡಿಯಾನಾ ಜೋನ್ಸ್ ಲೋಕದ ಮಕ್ಕಳಿಗೆಲ್ಲ ಪರಿಚಿತನಾದ. ನಮ್ಮ ಕನ್ನಡದಲ್ಲಿಯೂ ೨೦೧೯ರಲ್ಲಿ ‘ಅವನೇ ಶ್ರೀಮನ್ನಾರಾಯಣ’ ಎಂಬ, ನಿಧಿ ಹುಡುಕುವ ಕಥೆಯ ಚಿತ್ರ ಬಂದಿತು. ನಾನೂ ಇಂಥ ಚಿತ್ರಗಳನ್ನು ಆಸೆಪಟ್ಟು ನೋಡುವವನೇ. ಪಂಡಿತ ಪರೀಕ್ಷೆ ಮಾಡಿದವನು ನೋಡಬಾರದೆಂಬ ಶಾಸ್ತ್ರವೇನೂ ಇಲ್ಲವಷ್ಟೆ!

ಆದರೆ ಒಂದು ಸಂಗತಿ ಗಮನಿಸಿ. ಆ ೧೯೮೧ರ ಚಿತ್ರದ ಮೊದಲಲ್ಲೇ ನಾಯಕ ಕಾಡಿನ ನಡುವಿನ ಗುಡಿಯೊಂದನ್ನು ಹೊಕ್ಕು ಚಿನ್ನದ ವಿಗ್ರಹವೊಂದನ್ನು ಪೀಠದಿಂದ ಎತ್ತಿಕೊಂಡು ಓಡುತ್ತಾನೆ. ಹಿಂದೆ ಗುಡಿ ಕುಸಿಯುತ್ತದೆ. ವಿಗ್ರಹ ಹೊರಗೆ ಬಂದೀತೇ ಎಂದು ನಾವು ಉಸಿರು ಬಿಗಿಹಿಡಿಯುತ್ತೇವೆ. ಗುಡಿಯ ಗತಿಯೇನು ಎಂದು ಕೇಳುವವರಿಲ್ಲ. ಇವನು ಪುರಾತತ್ವದ ಪ್ರಾಧ್ಯಾಪಕನಂತೆ! ನಿಜವಾದ ಪುರಾತತ್ವಜ್ಞನ ಕೆಲಸ ಬೇರೆ. ೧೯೨೨ರಲ್ಲಿ ಹೊವಾರ್ಡ್ ಕಾರ್ಟರ್ ಈಜಿಪ್ಟಿನಲ್ಲಿ ತುತಾಂಖಾಮನ್ ದೊರೆಯ ಸಮಾಧಿಯನ್ನು ಕಂಡನು. ಚಿನ್ನವೇನೋ ರಾಶಿಯಾಗಿತ್ತು. ಆದರೂ ಐದು ಸಾವಿರಕ್ಕೆ ಮಿಕ್ಕ ಆ ವಸ್ತುಗಳನ್ನು ಒಂದೊಂದಾಗಿ ಗುರುತು ಹಾಕಿ, ಪಟ ತೆಗೆದು, ಕೆಡದಂತೆ ಹೊರಗೆ ತರಲು ಹತ್ತು ವರ್ಷ ಹಿಡಿಯಿತು. ನಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ೧೯೪೭ರಲ್ಲಿ ಅಗೆತ ನಡೆಸಿದ ವೀಲರ್ ಅವರಿಗೆ ಮಡಕೆಯ ಚೂರುಗಳೇ ಮಾಣಿಕ್ಯ. ಯಾವ ಚೂರು ಯಾವ ಮಣ್ಣಿನ ಪದರದಲ್ಲಿತ್ತು ಎಂಬುದರಿಂದಲೇ ಅವರು ಕಾಲವನ್ನು ಕಟ್ಟಿದರು. ಇದನ್ನೆಲ್ಲ ಚಿತ್ರ ತೆಗೆದರೆ ಯಾರು ನೋಡುತ್ತಾರೆ?

ಒಮ್ಮೆ ತರಗತಿಯಲ್ಲಿ ಹುಡುಗನೊಬ್ಬ ಎದ್ದು ನಿಂತು, “ಮೇಷ್ಟ್ರೇ, ಶಾಸನ ಓದೋಕೆ ಬಂದ್ರೆ ನಿಧಿ ಎಲ್ಲಿದೆ ಅಂತ ಗೊತ್ತಾಗುತ್ತಂತೆ, ನಿಮಗೆ ಬರುತ್ತಾ?” ಎಂದ. ಬರುತ್ತದೆ ಎಂದೆ. “ಹಾಗಾದ್ರೆ ನೀವ್ಯಾಕೆ ಇನ್ನೂ ಬಸ್ಸಲ್ಲೇ ಬರ್ತೀರಿ?” ಎಂದು ಕೇಳಿಬಿಟ್ಟ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಅವನ ಪ್ರಶ್ನೆ ಅವನೊಬ್ಬನದಲ್ಲ. ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಹಿರಿಯರು ಕೂಡ ಹೀಗೆಯೇ ನಂಬಿದ್ದಾರೆ. ಶಾಸನದ ನೆತ್ತಿಯ ಮೇಲೆ ಸೂರ್ಯ, ಚಂದ್ರ, ಕರುವಿಗೆ ಹಾಲೂಡಿಸುವ ಹಸು ಇವುಗಳನ್ನು ಕೆತ್ತಿರುತ್ತಾರೆ. ಸೂರ್ಯ ಚಂದ್ರರಿರುವವರೆಗೆ ಈ ದತ್ತಿ ನಡೆಯಲಿ ಎಂಬುದು ಅದರ ಭಾವ. ಅದನ್ನೇ ನಿಧಿಯ ಗುರುತೆಂದು ತಿಳಿದು, ಹಸು ನೋಡುವ ದಿಕ್ಕಿಗೆ ಇಷ್ಟು ಹೆಜ್ಜೆ ಎಂದು ಅಳೆಯುವವರಿದ್ದಾರೆ. ಹೆಬ್ಬೆರಳ ಉಗುರಿಗೆ ಅಂಜನ ಹಚ್ಚಿ ನೋಡುವವರಂತೂ ಸರಿಯೇ ಸರಿ.

ದೇವರ ಪೀಠದ ಕೆಳಗೆ ಏನೂ ಇಲ್ಲವೆಂದು ನಾನು ಹೇಳುವುದಿಲ್ಲ. ಗುಡಿ ಕಟ್ಟುವಾಗ ಗರ್ಭನ್ಯಾಸವೆಂಬ ವಿಧಿಯುಂಟು. ಧಾನ್ಯ, ಲೋಹ, ರತ್ನಗಳನ್ನು ಅತಿ ಸ್ವಲ್ಪವಾಗಿ ಇಡುವುದು ಸಂಪ್ರದಾಯ. ಆ ಬೀಜವೇ ಬಾಯಿಂದ ಬಾಯಿಗೆ ಹೋಗುತ್ತ ಕೊಪ್ಪರಿಗೆಯಾಗಿ ಬೆಳೆದಿರಬೇಕು. ಗುಡಿಯ ನಿಜವಾದ ಆಸ್ತಿ ಇದ್ದದ್ದು ನೆಲದಡಿಯಲ್ಲಲ್ಲ, ನೆಲದ ಮೇಲೆ: ಕೆರೆಯ ಕೆಳಗಿನ ಗದ್ದೆ, ನಂದಾದೀಪಕ್ಕೆ ಗಾಣದ ಎಣ್ಣೆ, ಸಂತೆಯ ಸುಂಕದಲ್ಲಿ ಒಂದು ಪಾಲು. ಶಾಸನಗಳು ಎಣಿಸಿ ಎಣಿಸಿ ಹೇಳುವುದು ಇವನ್ನೇ. ಕೊನೆಯಲ್ಲಿ, ಅಪಹರಿಸಿದವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುವನೆಂಬ ಶಾಪವೂ ಇರುತ್ತದೆ. ಶಾಪ ಭೂಮಿಯನ್ನು ಕಬಳಿಸುವವನಿಗೆ. ಅದನ್ನು ಅಡಗಿಸಿದ ಚಿನ್ನಕ್ಕೆ ಹಾಕಿದ ಬೀಗವೆಂದು ತಿಳಿಯುತ್ತಾರೆ.

ವೀರಗಲ್ಲಿನ ಪಾಡು ಇನ್ನೂ ಕಷ್ಟ. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಕೈಲಾಸ. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲಿನ ಕೆಳಗೆ ಚಿನ್ನ ಎಲ್ಲಿಂದ ಬರಬೇಕು? ಅಜ್ಜಂಪುರದ ಕಡೆಯ ಒಂದು ಹಳ್ಳಿಯಲ್ಲಿ, ಹೆಸರು ಬೇಡ, ಅಂಥ ಕಲ್ಲೊಂದು ಬೋರಲಾಗಿ ಬಿದ್ದದ್ದನ್ನು ನೋಡಿದೆ. ಪಕ್ಕದಲ್ಲಿ ಆಳೆತ್ತರದ ಗುಂಡಿ, ಗುಂಡಿಯಲ್ಲಿ ಮಳೆನೀರು, ಅಂಚಿನಲ್ಲಿ ಕುಯ್ದ ನಿಂಬೆಹಣ್ಣು, ಕುಂಕುಮ. ನಾಲ್ಕು ಜನ ಸೇರಿ ಕಲ್ಲನ್ನು ಮಗುಚಿದೆವು. ಹಾರೆ ತಗುಲಿ ನಡುವಿನ ಪಟ್ಟಿ ಸಿಡಿದುಹೋಗಿತ್ತು. ಹೋರಾಡಿ ಸತ್ತನೆಂಬ ಮಾತು ಉಳಿದಿತ್ತು; ಸತ್ತವನ ಹೆಸರು ಹೋಗಿತ್ತು. ಆ ಕಲ್ಲಿನ ಪ್ರತಿಯನ್ನು ಹಿಂದೆ ಯಾರೂ ಬರೆದುಕೊಂಡಂತೆ ಕಾಣಲಿಲ್ಲ.

ರೈಸ್ ಸಾಹೇಬರು ಈ ಸೀಮೆಯ ಊರೂರು ತಿರುಗಿಸಿ ಪ್ರತಿ ಮಾಡಿಸಿದ ಶಾಸನಗಳು ೧೯೦೧ರಲ್ಲಿ ‘ಎಪಿಗ್ರಾಫಿಯ ಕರ್ಣಾಟಿಕ’ದ ಆರನೆಯ ಸಂಪುಟವಾಗಿ ಅಚ್ಚಾದವು. ಆಗ ನಮ್ಮದು ಕಡೂರು ಜಿಲ್ಲೆ. ಆ ಪುಸ್ತಕದಲ್ಲಿ ಬಂದ ಕಲ್ಲು ಒಡೆದರೂ ಮಾತು ಉಳಿದೀತು. ಬಾರದ ಕಲ್ಲಿಗೆ ಅದೇ ಮೊದಲು, ಅದೇ ಕೊನೆ. ದೊಡ್ಡವರ ನೆಲೆಗಳಿಗೂ ರಕ್ಷೆಯಿಲ್ಲ. ೨೦೧೯ರ ಜುಲೈಯಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿಗಳ್ಳರು ಕೆಡವಿದರು. ಅದನ್ನು ಮರಳಿ ಕಟ್ಟಿದ್ದಾರೆ, ನಿಜ. ಹೆಸರಿಲ್ಲದ ಹಳ್ಳಿಯ ಕಲ್ಲಿಗೆ ಭಕ್ತರು ಎಲ್ಲಿಂದ ಬರಬೇಕು?

ಹಾಗಾದರೆ ನಮ್ಮ ಸೀಮೆಯಲ್ಲಿ ನಿಧಿಯೇ ಇಲ್ಲವೇ ಎಂದರೆ, ತರೀಕೆರೆಯಿಂದ ಹತ್ತು ಕಿಲೋಮೀಟರಿನಷ್ಟು ದೂರ ಹೋಗಿ ಅಮೃತಾಪುರದಲ್ಲಿ ಇಳಿಯಿರಿ. ಎರಡನೆಯ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು ೧೧೯೬ರಲ್ಲಿ ಕಟ್ಟಿಸಿದ ಗುಡಿ. ಅಲ್ಲಿ ಮಂಟಪದ ಬಳಿ ನಿಂತಿರುವ ದೊಡ್ಡ ಶಾಸನವನ್ನು ರಚಿಸಿದವನು ಜನ್ನ. ಅವನ ‘ಯಶೋಧರ ಚರಿತೆ’ ೧೨೦೯ರದು. ಈ ಶಾಸನ ೧೧೯೭ರದು, ಹನ್ನೆರಡು ವರ್ಷ ಮುಂಚಿನದು. ಕಾವ್ಯ ನಮಗೆ ಬಂದದ್ದು ಓಲೆಗರಿಗಳ ಮೂಲಕ, ಪ್ರತಿ ಮಾಡಿದವರ ಕೈತಪ್ಪುಗಳನ್ನೂ ಹೊತ್ತು. ಕಲ್ಲಿನ ಮೇಲಿನದು ಕವಿಯ ಕಾಲದಲ್ಲೇ ಕೆತ್ತಿದ ಅಕ್ಷರ. ಪ್ರಾಕ್ತನ ವಿಮರ್ಶ ವಿಚಕ್ಷಣ ಆರ್. ನರಸಿಂಹಾಚಾರ್ಯರು ‘ಕವಿಚರಿತೆ’ಯಲ್ಲಿ ನಮ್ಮ ಕವಿಗಳ ಕಾಲವನ್ನು ಗೊತ್ತುಮಾಡಿದ್ದು ಇಂಥ ಕಲ್ಲುಗಳ ಆಸರೆಯಿಂದ. ಇಂಥ ಕಲ್ಲಿಗೆ ಒಂದು ಹಾರೆಯ ಪೆಟ್ಟು ಬಿದ್ದರೆ ಏನಾದೀತೆಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಹೊಲ ಉಳುವಾಗಲೋ ಪಾಯ ತೆಗೆಯುವಾಗಲೋ ಏನಾದರೂ ಸಿಕ್ಕರೆ ಮುಚ್ಚಿಡಬೇಡಿ. ೧೯೬೨ರ ಕರ್ನಾಟಕ ನಿಧಿ ಕಾಯಿದೆಯ ಪ್ರಕಾರ ಸರ್ಕಾರಕ್ಕೆ ತಿಳಿಸಬೇಕು. ಸಿಕ್ಕಿದ್ದು ಬರೆದ ಕಲ್ಲಾದರೆ ಅದನ್ನು ತೊಳೆಯುವ, ಸುಣ್ಣ ಬಳಿಯುವ ಉಪಕಾರವನ್ನೂ ಮಾಡಬೇಡಿ. ಮೊದಲು ಅದರ ಚಿತ್ರ ತೆಗೆದಿಡಿ. ಈಗ ಮನೆಮನೆಯಲ್ಲೂ ಅದಕ್ಕೆ ಸಾಧನವಿದೆ.

ಸಾಹಸ ಬೇಕೆನ್ನುವ ಮಕ್ಕಳಿಗೆ ಅಮೃತಾಪುರದಲ್ಲಿ ಒಂದು ಒಗಟನ್ನು ಒಡ್ಡಿನೋಡಿ. ಮಂಟಪದ ದಕ್ಷಿಣದ ಹೊರಗೋಡೆಯಲ್ಲಿ ರಾಮಾಯಣದ ಎಪ್ಪತ್ತು ಫಲಕಗಳಿವೆ. ಉತ್ತರದಲ್ಲಿ ಕೃಷ್ಣನ ಕಥೆ, ಭಾರತ. ಉತ್ತರದ ಕಥೆಗಳು ಪ್ರದಕ್ಷಿಣೆಯ ಕ್ರಮದಲ್ಲೇ ಸಾಗುತ್ತವೆ. ರಾಮಾಯಣ ಮಾತ್ರ ಅಪ್ರದಕ್ಷಿಣವಾಗಿ ನಡೆಯುತ್ತದೆ; ಪ್ರದಕ್ಷಿಣೆ ಬರುವವನಿಗೆ ಕೊನೆಯೇ ಮೊದಲು ಎದುರಾಗುತ್ತದೆ. ಇದನ್ನು ಮೊದಲೇ ಹೇಳಬೇಡಿ. ಅವರೇ ನೋಡಿ, ತಡವರಿಸಿ, ಮೊದಲ ಫಲಕ ಯಾವುದೆಂದು ಹುಡುಕಲಿ.