ಸೋರುವ ಹಣ ಎಲ್ಲಿ ಹೋಯಿತು?



ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೆ, ನಮ್ಮೆಲ್ಲರ ಬಾಯಲ್ಲಿರುವ ಕೆ.ಜಿ.ಎಫ್.ಗೆ, ಹೋದವರಿಗೆ ಅಲ್ಲಿನ ಸಯನೈಡ್ ಗುಡ್ಡಗಳು ದೂರದಿಂದಲೇ ಕಾಣುತ್ತವೆ. ಅದಿರನ್ನು ಪುಡಿಮಾಡಿ ಚಿನ್ನ ತೆಗೆದ ಬಳಿಕ ಉಳಿದ ಮರಳಿನ ರಾಶಿ ಅದು. ಆ ಮರಳಿನಲ್ಲೂ ಅಷ್ಟಿಷ್ಟು ಚಿನ್ನ ಉಳಿಯುತ್ತಿತ್ತು. ಅದನ್ನು ಪರೀಕ್ಷಿಸಿ, ತೂಗಿ ನೋಡಿ, ಸಯನೈಡ್ ದ್ರಾವಣದಲ್ಲಿ ಕರಗಿಸಿ ಹಿಂದಕ್ಕೆ ಪಡೆಯುತ್ತಿದ್ದರು. ಒಂದು ಟನ್ ಅದಿರಿಗೆ ಎಷ್ಟು ಗ್ರಾಂ ಎಂದು ಲೆಕ್ಕ ಹಾಕಿದ ಊರು ಅದು. ಸಂಸಾರದ ಖರ್ಚಿಗೂ ಇದೇ ನಿಯಮ ಅನ್ವಯಿಸುತ್ತದೆ. ಎಷ್ಟು ಸೋರುತ್ತಿದೆ ಎಂದು ಅಳೆಯದೆ ಸೋರಿಕೆಯನ್ನು ತಡೆಯಲಾಗದು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಲ್ಲಿಯವರೆಗೆ ಗಣಿ ಕಾರ್ಮಿಕರಿಗೆ ತಿಂಗಳ ಸಂಬಳವಿತ್ತು, ಕಂಪನಿಯ ಮನೆಯಿತ್ತು, ಕಂಪನಿಯ ಆಸ್ಪತ್ರೆಯಿತ್ತು. ಆಮೇಲೆ ಸಾವಿರಾರು ಮಂದಿಗೆ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ರೈಲೇ ಆಧಾರವಾಯಿತು. ಕೆಲಸ ಸಿಕ್ಕ ದಿನ ಕೂಲಿ, ಸಿಗದ ದಿನ ಇಲ್ಲ. ಇಂಥ ಆದಾಯದಲ್ಲಿ ಲೆಕ್ಕ ತಪ್ಪಿದರೆ ಜೂನ್ ತಿಂಗಳ ಶಾಲಾ ಶುಲ್ಕಕ್ಕೆ ಬಡ್ಡಿ ಸಾಲವೇ ಗತಿ. ಆ ಬಡ್ಡಿ ಮುಂದಿನ ಜೂನಿನವರೆಗೂ ಬೆನ್ನು ಬಿಡುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲ ತಿಂಗಳು ಯಾವ ಖರ್ಚನ್ನೂ ಕಡಿಮೆ ಮಾಡಬೇಡಿ, ಬರೆಯಿರಿ ಅಷ್ಟೆ. ಒಂದು ಚಿಕ್ಕ ನೋಟುಪುಸ್ತಕ ಸಾಕು. ಗಂಡ ಹೆಂಡತಿ ಇಬ್ಬರೂ ಅಂದಿನ ಖರ್ಚನ್ನು ಅಂದೇ ರಾತ್ರಿ ಬರೆಯಬೇಕು. ಫೋನಿನಲ್ಲಿ ಕೊಟ್ಟ ಹಣವನ್ನೂ, ಅಂಗಡಿಯಲ್ಲಿ ಕಡ ಹೇಳಿ ತಂದದ್ದನ್ನೂ ಸೇರಿಸಿ. ಕೈಯಿಂದ ನೋಟು ಹೋದರೆ ಮನಸ್ಸಿಗೆ ತಟ್ಟುತ್ತದೆ. ಫೋನಿನಿಂದ ಹೋದದ್ದು ತಟ್ಟುವುದಿಲ್ಲ.

ಉದಾಹರಣೆಗೆ, ರೈಲಿಗೆ ಹತ್ತುವ ಮೊದಲು ಮತ್ತು ಇಳಿದ ಮೇಲೆ ಟೀ, ಬೋಂಡಾ ಎಂದು ದಿನಕ್ಕೆ 30 ರೂಪಾಯಿ ಹೋಗುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 26 ದಿನದ ಕೆಲಸವಾದರೆ ಅದು 780 ರೂಪಾಯಿ, ವರ್ಷಕ್ಕೆ 9,360. ಟೀ ಬಿಡಿ ಎಂದು ನಾನು ಹೇಳುತ್ತಿಲ್ಲ. 9,360 ಎಂಬ ಅಂಕಿ ಕಣ್ಣಿಗೆ ಬಿದ್ದ ಮೇಲೆ ನಿರ್ಧಾರ ನಿಮ್ಮದು.

ಎರಡನೆಯ ತಿಂಗಳು ಖರ್ಚನ್ನು ನಾಲ್ಕು ಬಾಬತ್ತಾಗಿ ವಿಂಗಡಿಸಿ: ಬಾಡಿಗೆ, ದಿನಸಿ, ಗ್ಯಾಸ್, ಪಾಸಿನಂಥ ತಪ್ಪಿಸಲಾಗದ್ದು, ಸಾಲದ ಕಂತು, ವರ್ಷಕ್ಕೊಮ್ಮೆ ಬರುವುದು, ಉಳಿದ ಚಿಲ್ಲರೆ. ನಮ್ಮನ್ನು ಕೆಡವುವುದು ಮೂರನೆಯದು. ಶಾಲಾ ಶುಲ್ಕ, ವಿಮೆ, ಯುಗಾದಿ, ದೀಪಾವಳಿ, ಕ್ರಿಸ್‌ಮಸ್ ಬಟ್ಟೆ, ಇವು ಯಾವುವೂ ಹೇಳದೆ ಬರುವ ನೆಂಟರಲ್ಲ. ಎಲ್ಲ ಕೂಡಿ 24,000 ಆಗುವುದಾದರೆ ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ 2,000 ಬೇರೆ ಡಬ್ಬಿಯಲ್ಲೋ ಅಂಚೆ ಕಚೇರಿಯ ಖಾತೆಯಲ್ಲೋ ಇಡಿ. ನಮ್ಮ ಅಜ್ಜಿಯರ ಸಾಸಿವೆ ಡಬ್ಬಿ ಮಾಡಿದ್ದು ಇದೇ ಕೆಲಸ.

ತಪ್ಪಿಸಲಾಗದ ಖರ್ಚಿನಲ್ಲೂ ಉಳಿತಾಯಕ್ಕೆ ದಾರಿಯುಂಟು. ರೈಲಿನ ಮೂರು ತಿಂಗಳ ಪಾಸಿಗೆ ಒಂದು ತಿಂಗಳ ಪಾಸಿನ 2.7 ಪಟ್ಟು ದರ. ಮೂರು ಸಲ ಬೇರೆ ಬೇರೆಯಾಗಿ ಕೊಳ್ಳುವುದಕ್ಕಿಂತ ನೂರಕ್ಕೆ ಹತ್ತು ಕಡಿಮೆ.

ಆದಾಯ ಏರಿಳಿಯುವವರು ಹಿಂದಿನ ಆರು ತಿಂಗಳಲ್ಲಿ ಅತಿ ಕಡಿಮೆ ಬಂದ ತಿಂಗಳನ್ನು ಆಧಾರವಾಗಿಟ್ಟು ಬಜೆಟ್ ಮಾಡಬೇಕು. ಹೆಚ್ಚಿಗೆ ಬಂದದ್ದು ಮೊದಲು ಬಡ್ಡಿ ಸಾಲಕ್ಕೆ, ಆಮೇಲೆ ಕೆಲಸವಿಲ್ಲದ ದಿನಗಳಿಗೆ.

ಕೊನೆಯದಾಗಿ, ಬಜೆಟ್ ಮುರಿಯುವುದು ಹೆಚ್ಚಾಗಿ ಜಗಳದಿಂದ. ಭಾನುವಾರ ಕಾಲು ಗಂಟೆ ಕುಳಿತು ಲೆಕ್ಕ ಕೂಡಿಸಿ. 'ನೀನೇಕೆ ಖರ್ಚು ಮಾಡಿದೆ' ಎಂಬ ಪ್ರಶ್ನೆ ಬೇಡ, 'ಮುಂದಿನ ವಾರ ಏನು ಮಾಡೋಣ' ಎಂದು ಕೇಳಿ. ಮನೆಯ ಪ್ರತಿಯೊಬ್ಬರಿಗೂ ಲೆಕ್ಕ ಕೊಡಬೇಕಿಲ್ಲದ ಒಂದು ಸಣ್ಣ ಮೊತ್ತವಿರಲಿ. ಬಂಗಾರಪೇಟೆಗೆ ಹೋಗಿ ಪಾನಿಪುರಿ ತಿನ್ನದೆ ಬರುವ ಬಜೆಟ್ಟು ಎರಡು ತಿಂಗಳೂ ಬಾಳದು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಹಿರಿಯರು ಹೇಳಿದರು. ಅದಕ್ಕೂ ಮೊದಲು ಹಾಸಿಗೆ ಎಷ್ಟುದ್ದವಿದೆ ಎಂದು ಅಳೆಯಬೇಕಲ್ಲವೇ? ಇಂದು ರಾತ್ರಿಯೇ ಪುಸ್ತಕದ ಮೊದಲ ಸಾಲು ಬರೆಯಿರಿ.